ದನದ ಡಾಕ್ಟರರ ಹೈ-ರೆಸ್ ಕಿವಿ

ನಮ್ಮ ಮನೆಯಲ್ಲಿ ಸಂಗೀತ ತಿಳಿದವಳು ನಾನು. ಮದುವೆಯಾದಾಗಿನಿಂದ ಈ ಮಾತನ್ನು ಯಾರೂ ಪ್ರಶ್ನಿಸಿರಲಿಲ್ಲ. ಗಡಿಯೂರು ಸಂಖದ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತೇನೆ, ಪ್ರಾರ್ಥನೆಗೆ ಹಾರ್ಮೋನಿಯಂ ಪೇಟಿ ಬಾರಿಸುತ್ತೇನೆ, ಹೆಂಗಸರ ಭಜನೆಯಲ್ಲಿ ಯಾರ ಶ್ರುತಿ ತಪ್ಪಿದರೂ ನನ್ನ ಹುಬ್ಬು ತಾನಾಗಿ ಮೇಲೇಳುತ್ತದೆ. ನನ್ನ ಯಜಮಾನರು ದನದ ಡಾಕ್ಟರು. ಕುರಿಯ ಪಕ್ಕೆಗೆ ಸ್ಟೆಥಸ್ಕೋಪು ಇಟ್ಟರೆ ಉಸಿರಿನಲ್ಲಿರುವ ಸಣ್ಣ ಗೊರಗೊರವನ್ನೂ ಹಿಡಿಯುತ್ತಾರೆ. ಮನೆಗೆ ಬಂದರೆ ಮಾತ್ರ ಪಕ್ಕದಲ್ಲೇ ಕುಕ್ಕರ್ ಸೀಟಿ ಹೊಡೆದರೂ ಅವರಿಗೆ ಕೇಳುವುದಿಲ್ಲ. ಸಂಜೆ ನಾನು ಹಾಡು ಹಚ್ಚಿದ ಕೂಡಲೇ ಪೇಪರು ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋಗುತ್ತಿದ್ದರು. ಇವರಿಗೆ ಸಂಗೀತದ ಕಿವಿ ಇಲ್ಲ ಎಂದು ನಾನು ತೀರ್ಮಾನಿಸಿದ್ದೆ. ಬೀಗರ ಮುಂದೆಯೂ ಹೇಳಿದ್ದೆ.

ನನ್ನ ಸಂಗೀತವೆಲ್ಲ ಒಂದು ಹಳೆಯ ಆಂಪ್ಲಿಫೈಯರ್ ಮತ್ತು ಎರಡು ಸ್ಪೀಕರುಗಳ ಮೇಲೆ ನಡೆದಿತ್ತು. ಅದಕ್ಕೆ ಜೋಡಿಸಿದ್ದ ಸೀಡಿ ಪ್ಲೇಯರು ಒಂದು ದಿನ ಬಾಯಿ ತೆರೆದು ಸೀಡಿ ನುಂಗಿತು, ಮತ್ತೆ ತೆರೆಯಲಿಲ್ಲ. ಅಷ್ಟರಲ್ಲಿ ನಮ್ಮ ಓಣಿಗೆ ಫೈಬರ್ ಇಂಟರ್ನೆಟ್ಟಿನ ವಾಯರೂ ಬಂದಿತ್ತು. ಇನ್ನು ಹಾಡನ್ನು ಇಂಟರ್ನೆಟ್ಟಿನಿಂದಲೇ ತರಿಸಿಕೊಳ್ಳುವುದು, ಅದೂ ಈಗ ಎಲ್ಲರೂ ಹೇಳುವ ಹೈ-ರೆಸ್ ಹಾಡನ್ನೇ ತರಿಸಿಕೊಳ್ಳುವುದು ಎಂದು ನಾನು ಮನಸ್ಸು ಮಾಡಿದೆ.

ಮೊದಲ ಸಲಹೆ ಕೇಳದೆಯೇ ಬಂತು. ನನ್ನ ಮೈದುನ ಡಫಳಾಪುರದಲ್ಲಿ ಮದುವೆಗಳಿಗೆ ಸ್ಪೀಕರ್ ಬಾಡಿಗೆ ಕೊಡುತ್ತಾನೆ. ಅವನ ಒಂದೊಂದು ಸ್ಪೀಕರೂ ನಮ್ಮ ಬಚ್ಚಲುಮನೆಯಷ್ಟಿದೆ. ಅವನು ಬಂದು ಇಡೀ ಮನೆಯನ್ನು ಅಳೆದವನಂತೆ ನೋಡಿ, ಮೊಬೈಲಿನಿಂದ ಬ್ಲೂಟೂತ್ ಹಚ್ಚಿದರೆ ಸಾಕು, ಬೇಕಾದರೆ ಎರಡು ಬೇಸ್ ಪೆಟ್ಟಿಗೆ ತಾನೇ ತಂದಿಡುತ್ತೇನೆ ಎಂದ. ಬ್ಲೂಟೂತಿನಲ್ಲಿ ಹಾಡನ್ನು ಹಿಂಡಿ ಸಣ್ಣದು ಮಾಡಿ ಕಳಿಸುತ್ತಾರೆ, ನನಗೆ ಹಾಡುವವರು ಉಸಿರು ಎಳೆದುಕೊಳ್ಳುವುದೂ ಕೇಳಬೇಕು ಎಂದೆ.

"ವೈನಿ, ಎದಿ ನಡಗಲಿಲ್ಲಂದ್ರ ಅದು ಹಾಡ ಅಲ್ಲರಿ," ಎಂದ ಅವನು, ಬಹಳ ಕನಿಕರದಿಂದ.

ಕೊನೆಗೆ ಒಂದು ರವಿವಾರ ನಾನೂ ಯಜಮಾನರೂ ಮಿರಜಿಗೆ ಹೋದೆವು. ಅಲ್ಲಿನ ಆಡಿಯೋ ಅಂಗಡಿಯವರು ಬಹಳ ಸಜ್ಜನರು, ಚಹಾ ತರಿಸಿದರು. ಆದರೆ ಪ್ರಶ್ನೆ ನಾನು ಕೇಳಿದರೆ ಉತ್ತರವನ್ನು ಮರಾಠಿಯಲ್ಲಿ ಯಜಮಾನರಿಗೆ ಹೇಳುತ್ತಿದ್ದರು. ಆಂಪ್ಲಿಫೈಯರಿಗೂ ಮೊಬೈಲಿಗೂ ನಡುವೆ ಡ್ಯಾಕ್ ಎಂಬ ಪುಟ್ಟ ಡಬ್ಬಿ ಬೇಕು, ಮೊಬೈಲಿನಿಂದ ಬರುವ ಅಂಕಿಗಳನ್ನು ನಾದ ಮಾಡುವುದು ಅದೇ ಎಂದು ಅವರು ಸಾಹೇಬರಿಗೆ ವಿವರಿಸಿದರು. ಸಾಹೇಬರು ಕುರಿಯ ಮಾಲಕ ರೋಗದ ಲಕ್ಷಣ ಹೇಳುವಾಗ ತಲೆಯಾಡಿಸುವ ಹಾಗೆಯೇ ತಲೆಯಾಡಿಸಿದರು. ಅವರಿಬ್ಬರನ್ನು ಅಲ್ಲೇ ಬಿಟ್ಟು ನಾನು ಒಳಗಿನ ಕೋಣೆಗೆ ಹೋಗಿ, ತಂಬೂರಿಯ ಜೊತೆ ಒಂದೇ ದನಿ ಇರುವ ಹಾಡು ಹಾಕಿಸಿಕೊಂಡು ಬೇಕಾದಷ್ಟು ಹೊತ್ತು ಕೇಳಿದೆ. ಹೊರಗೆ ಬರುವಷ್ಟರಲ್ಲಿ ಡ್ಯಾಕ್ ಕಟ್ಟಿಸಿಯಾಗಿತ್ತು.

ಉಳಿದದ್ದು ಆ್ಯಪಿನ ಆಯ್ಕೆ. ಒಂದು ಆ್ಯಪು ಸೀಡಿಯಲ್ಲಿ ಇರುತ್ತಿದ್ದಷ್ಟು ಗುಣಮಟ್ಟದಲ್ಲಿ ಹಾಡು ಕೊಡುತ್ತಿತ್ತು. ಇನ್ನೊಂದು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸೂಕ್ಷ್ಮ ಎಂದು ಹೇಳಿಕೊಳ್ಳುವ ಹೈ-ರೆಸ್. ಮೊದಲ ತಿಂಗಳು ಎರಡೂ ಪುಕ್ಕಟೆ. ನಾವು ಅಗ್ಗದ ಮೊದಲನೆಯದಕ್ಕೆ ಸೋವಿದು, ದುಬಾರಿ ಹೈ-ರೆಸ್‌ಗೆ ತುಟ್ಟೀದು ಎಂದು ಹೆಸರಿಟ್ಟೆವು. ಒಂದೇ ಹಾಡನ್ನು ಎರಡರಲ್ಲೂ ಹಾಕಿ, ಯಾವುದು ಯಾವುದೆಂದು ಹೇಳದೆ ಕೇಳಿಸಿ ಪರೀಕ್ಷೆ ಮಾಡುವುದೆಂದು ತೀರ್ಮಾನವಾಯಿತು.

ಮೊದಲು ನಾನೇ ಕುಳಿತೆ. ಯಜಮಾನರು ಹಿಂದೆ ನಿಂತು, ಉದ್ದ ವಾಯರಿನ ತುದಿಗಿದ್ದ ಮೊಬೈಲಿನಲ್ಲಿ ಆ್ಯಪು ಬದಲಾಯಿಸಿದರು. ನಾನು ಕಣ್ಣು ಬಿಗಿಯಾಗಿ ಮುಚ್ಚಿ, ಉಸಿರು ಹಿಡಿದು, ಒಂದೊಂದು ಸ್ವರವನ್ನೂ ಮುಟ್ಟಿ ನೋಡುವವಳಂತೆ ಕೇಳಿದೆ. ಇದು ತುಟ್ಟೀದು ಎಂದರೆ ಅದು ಸೋವಿದಾಗಿತ್ತು. ಹಟದಿಂದ ಮತ್ತೆ ಮತ್ತೆ ಮಾಡಿದರೂ ನಾಣ್ಯ ಚಿಮ್ಮಿ ಹೇಳಿದ್ದರೆ ಬರುತ್ತಿದ್ದಷ್ಟೇ ಸರಿ ಬಂತು. ಸಿಟ್ಟು ಬಂದು, ನೀವಾದರೂ ಕುಳಿತು ನೋಡಿ ಎಂದು ಅವರನ್ನು ಕುರ್ಚಿಯ ಮೇಲೆ ಕೂರಿಸಿದೆ. ನಾನು ಓದುವ ಕನ್ನಡಕ ಹಾಕಿಕೊಂಡು, ಮೊಬೈಲು ಹಿಡಿದು, ಅವರ ಬೆನ್ನ ಹಿಂದೆ ನಿಂತೆ.

"ಇದು ತುಟ್ಟೀದು," ಎಂದರು. ಸರಿಯಾಗಿತ್ತು. ಬದಲಾಯಿಸಿದೆ. "ಇದು ಸೋವಿದು." ಅದೂ ಸರಿ. ಮೋಸ ಮಾಡೋಣವೆಂದು ಬದಲಾಯಿಸದೆ ಮತ್ತೆ ಅದನ್ನೇ ಹಾಕಿದೆ. "ಇದೂ ಸೋವಿದು. ನೀ ಬದಲಿ ಮಾಡಿಲ್ಲ."

ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಗೊತ್ತಾಗತೈತಿ. ತುಟ್ಟೀದರಾಗ ಗಾಳಿ ಬ್ಯಾರೆ ಇರತೈತಿ," ಎಂದರು.

ಆ ದಿನ ಪೇಟಿಯ ಮುಂದೆ ಕುಳಿತೆ, ಬಾರಿಸಲು ಮನಸ್ಸಾಗಲಿಲ್ಲ. ಇಷ್ಟು ವರ್ಷ ಕಟ್ಟೆಯ ಮೇಲೆ ಪೇಪರು ಹಿಡಿದು ಕುಳಿತಿದ್ದ ಈ ಮನುಷ್ಯನ ತಲೆಯೊಳಗೆ ಇಂಥ ಕಿವಿ ಇತ್ತೆ? ಮರುದಿನ ಮತ್ತೆ ಕೂರಿಸಿದೆ, ಅದರ ಮರುದಿನವೂ. ಭಾವಗೀತೆ, ಭಜನೆ, ಸಿತಾರು, ಏನು ಹಾಕಿದರೂ ತಪ್ಪಲಿಲ್ಲ. ಮತ್ಸರ ಕಳೆದು ಮೆಲ್ಲಗೆ ಹೆಮ್ಮೆ ಶುರುವಾಯಿತು. ಶಾಲೆಯಲ್ಲಿ ಹೇಳಿದೆ, ಮೈದುನನಿಗೂ ಹೇಳಿದೆ. ಮೈದುನನಿಗೆ ಹೇಳಿದರೆ ಅವನ ಸ್ಪೀಕರಿನಲ್ಲೇ ಸಾರಿದ ಹಾಗೆ.

ಮೊದಲು ಬಂದವರು ಹಿಟ್ಟಿನ ಗಿರಣಿಯವರು. ಗಿರಣಿ ಏನೋ ಬೇರೆ ಥರ ದನಿ ಮಾಡುತ್ತಿದೆ, ಡಾಕ್ಟರ್ ಸಾಹೇಬರು ಒಮ್ಮೆ ಕೇಳಿ ಹೇಳಬೇಕು ಎಂದು ಕರೆದರು. ತಾನು ದನದ ಡಾಕ್ಟರು ಎಂದು ಯಜಮಾನರು ಎಷ್ಟು ಹೇಳಿದರೂ ಬಿಡಲಿಲ್ಲ. ಹೋಗಿ, ಮೋಟರಿಗೆ ಸ್ಟೆಥಸ್ಕೋಪು ಇಟ್ಟು, ಗಂಭೀರವಾಗಿ ಕೇಳಿ, ಪಟ್ಟಾ ಸಡಿಲಾಗಿದೆ ಎಂದರು. ಗಿರಣಿಯ ಪಟ್ಟಾ ಯಾವಾಗಲೂ ಸಡಿಲಾಗಿಯೇ ಇರುತ್ತದೆ. ಬಿಗಿ ಮಾಡಿದರು, ದನಿ ನಿಂತಿತು. ಆಮೇಲೆ ಬೋರ್‌ವೆಲ್ಲಿನ ಮೋಟರು, ಟ್ರ್ಯಾಕ್ಟರಿನ ಗೇರು, ಯಾರದೋ ಮನೆಯ ಫ್ರಿಜ್ಜು. ಕುರಿ ನೋಡಲು ಹೋದಲ್ಲೆಲ್ಲ ಒಂದು ಮಶಿನು ಕಾಯ್ದಿರುತ್ತಿತ್ತು. ನನ್ನ ಯಜಮಾನರು ದಿನದಿನಕ್ಕೆ ಸಪ್ಪಗಾದರು. ಕೀರ್ತಿ ಭಾರವಾಗಿದೆ ಎಂದುಕೊಂಡೆ.

ಒಂದು ಸಂಜೆ ಮೈದುನ ಗಿರಣಿಯವರನ್ನೂ ಕರೆದುಕೊಂಡು ಪರೀಕ್ಷೆಯನ್ನು ಕಣ್ಣಾರೆ ನೋಡಲು ಬಂದ. ಅವತ್ತು ಮಧ್ಯಾಹ್ನ ಗಾಳಿ ಬಿಟ್ಟು ಮನೆಯೆಲ್ಲ ಮಣ್ಣಿನ ಧೂಳಾಗಿತ್ತು. ನಾನು ಒರೆಸಿ, ಟೀವಿಗೆ, ಮಿಕ್ಸರಿಗೆ ಹಾಕಿದ ಹಾಗೆ ಡ್ಯಾಕಿಗೂ ನಾನೇ ಹೆಣೆದ ಕ್ರೋಶಾದ ಮುಸುಕು ಹಾಕಿದ್ದೆ. ಎಲ್ಲರೂ ಕುಳಿತರು, ಹಾಡು ಶುರುವಾಯಿತು. ಯಜಮಾನರು ಕುರ್ಚಿಯಲ್ಲಿ ಅತ್ತಿತ್ತ ಸರಿದು "ತುಟ್ಟೀದು" ಎಂದರು. ತಪ್ಪು. ಇನ್ನೊಮ್ಮೆ. ತಪ್ಪು. ಮೈದುನ ಗಿರಣಿಯವರ ಮುಖ ನೋಡಿದ.

"ಆ ಮುಸುಕ ತಗಿ," ಎಂದರು ಯಜಮಾನರು. "ಧ್ವನಿ ಕಟ್ಟಾಕತ್ತೈತಿ."

"ಧ್ವನಿ ಆ ಡಬ್ಬ್ಯಾಗಿಂದ ಬರೂದಿಲ್ಲರಿ, ಸ್ಪೀಕರ್‌ನ್ಯಾಗಿಂದ ಬರತೈತಿ," ಎಂದೆ. ಆದರೂ ಹೋಗಿ ಮುಸುಕು ತೆಗೆದೆ.

ಓದುವ ಕನ್ನಡಕ ಹಣೆಯ ಮೇಲಿತ್ತು; ಅದು ಕಣ್ಣ ಮೇಲಿದ್ದಾಗ ದೂರದ್ದೆಲ್ಲ ಮಸುಕು. ಹತ್ತಿರದಿಂದ ನೋಡಿದೆ. ಡ್ಯಾಕಿನ ಮುಂದೆ ಎಳ್ಳುಕಾಳಿನಷ್ಟು ದೀಪ, ಹಸಿರು. ಕೈಯಲ್ಲಿದ್ದ ಮೊಬೈಲಿನಲ್ಲಿ ಆ್ಯಪು ಬದಲಾಯಿಸಿದೆ. ದೀಪ ನೀಲಿಯಾಯಿತು. ಮತ್ತೆ ಬದಲಾಯಿಸಿದೆ, ಹಸಿರಾಯಿತು. ತಿರುಗಿ ಯಜಮಾನರ ಕಡೆ ನೋಡಿದೆ. ಅವರು ಛಾವಣಿಯ ಫ್ಯಾನು ನೋಡುತ್ತಿದ್ದರು.

ಮುಸುಕು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ಪರೀಕ್ಷೆ ಮುಂದುವರಿಸಿದೆ. ಆಮೇಲೆ ಒಂದೂ ತಪ್ಪಲಿಲ್ಲ. ಕ್ರೋಶಾದ ದಾರ ಕೂಡ ಧ್ವನಿ ತಡೆಯುತ್ತದೆ ಎಂಬುದು ಗಿರಣಿಯವರಿಗೆ ಬಹಳ ದೊಡ್ಡ ಸಂಗತಿಯಾಗಿ ಕಂಡಿತು. ಚಹಾ ಕುಡಿದು, ತಲೆದೂಗುತ್ತ ಹೋದರು.

ಅವರು ಹೋದ ಮೇಲೆ ನಾನು ರೊಟ್ಟಿಗೆ ಹಿಟ್ಟು ನಾದಲು ಕುಳಿತೆ. ಯಜಮಾನರು ತಾವಾಗಿ ಅಡುಗೆಮನೆಗೆ ಬಂದು ಬಾಗಿಲಲ್ಲಿ ನಿಂತರು.

"ಯಾವಾಗಿಂದ ದೀಪ ನೋಡಾಕತ್ತೀರಿ?" ಎಂದೆ, ಹಿಟ್ಟಿನಿಂದ ತಲೆ ಎತ್ತದೆ.

"ಮೊದಲನೇ ದಿನದಿಂದ."

ಸೀಡಿ ಗುಣಮಟ್ಟಕ್ಕೆ ಹಸಿರು, ಹೈ-ರೆಸ್‌ಗೆ ನೀಲಿ ಎಂದು ಮಿರಜಿನ ಅಂಗಡಿಯವರು ದೀಪದ ಬಣ್ಣದ ಅರ್ಥವನ್ನು ಸಾಹೇಬರಿಗೆ ಹೇಳಿದ್ದರಂತೆ. ನಾನು ಆಗ ಒಳಗೆ ತಂಬೂರಿ ಕೇಳುತ್ತಿದ್ದೆ. ನನಗೆ ನಗುವೂ ಬಂತು, ಸಿಟ್ಟೂ ಬಂತು. ಊರಿನ ಫ್ರಿಜ್ಜುಗಳವರೆಗೆ ಹೋಗುವ ಮೊದಲು ಒಂದು ಮಾತು ಹೇಳಬಾರದಿತ್ತೆ ಎಂದು ಕೇಳಿದೆ.

ಅವರು ಒಣ ಹಿಟ್ಟಿನ ಡಬ್ಬಿಯನ್ನು ನನ್ನತ್ತ ಸರಿಸಿದರು. "ಚಾಷ್ಟಿ ಮಾಡಾಕ ಹೋಗಿದ್ದೆ. ನೀ ಖರೇನ ನಂಬಿದಿ. ಆಮ್ಯಾಲ ದಿನಾ ಸಂಜೀಕ ಕರದು ಕುರ್ಚಿ ಮ್ಯಾಲ ಕುಂದ್ರಸಾಕತ್ತಿದಿ. ಬಿಡಾಕ ಮನಸಾಗಲಿಲ್ಲ. ಇಷ್ಟ ದಿನ ನಂಗ ಹಾಡು ಕೇಳ ಬಾ ಅಂತ ಯಾರು ಅಂದಿದ್ರು?"

ಕಟ್ಟೆಯ ಮೇಲಿನ ಪೇಪರು ಒಂದು ನೆಪವಾಗಿತ್ತೋ ಏನೋ ಎಂಬುದು ಆಗ ಮೊದಲ ಸಲ ತಲೆಗೆ ಬಂತು. ರೊಟ್ಟಿ ಬಡಿದೆ, ಅವರು ಒಲೆಯ ಹತ್ತಿರ ಕುಳಿತು ಬೇಯಿಸಿದರು. ಒಂದೆರಡು ಹೊತ್ತಿದವು, ತಿಂದೆವು.

ಮರುದಿನ ದೀಪಕ್ಕೆ ಕಪ್ಪು ಟೇಪು ಅಂಟಿಸಿ ಇಬ್ಬರೂ ಸರದಿಯ ಮೇಲೆ ಪರೀಕ್ಷೆಗೆ ಕುಳಿತೆವು. ಇಬ್ಬರೂ ಸಮಸಮವಾಗಿ ತಪ್ಪಿದೆವು. ಹಾಗೆ ತಪ್ಪುತ್ತ ನಕ್ಕು ನಕ್ಕು ಸಾಕಾದಾಗ ಯಜಮಾನರು ಎದ್ದು ಕೋಣೆಯಲ್ಲಿ ಓಡಾಡಿದರು. ಕುರ್ಚಿಯಿಂದ ಕೇಳಿದರೆ ಒಂದು ಥರ, ಬಾಗಿಲ ಹತ್ತಿರ ನಿಂತರೆ ಇನ್ನೊಂದು ಥರ ಕೇಳುತ್ತದೆ, ಗೋಡೆಯಿಂದ ದನಿ ವಾಪಸು ಬಂದು ಬಡಿಯುತ್ತಿದೆ ಎಂದರು. ಅದು ಖರೆ ಇತ್ತು. ಸ್ಪೀಕರುಗಳು ವರ್ಷಗಳಿಂದ ಕಬ್ಬಿಣದ ತಿಜೋರಿಯ ಮೇಲೆ ಮೂಲೆಗೆ ಒತ್ತಿಕೊಂಡು ಕುಳಿತಿದ್ದವು. ಇಳಿಸಿ, ಗೋಡೆಯಿಂದ ಮುಂದೆ ತಂದು, ಎರಡು ಸ್ಟೂಲಿನ ಮೇಲೆ ಇಟ್ಟೆವು. ಕುರಿಗಾರರು ಅವರಿಗೆ ಪ್ರೀತಿಯಿಂದ ಕೊಟ್ಟಿದ್ದ ಕರಿ ಕಂಬಳಿಗಳು ಟ್ರಂಕಿನಲ್ಲಿದ್ದವು. ಒಂದನ್ನು ನೆಲಕ್ಕೆ ಹಾಸಿ, ಒಂದನ್ನು ಎದುರಿನ ಬರಿಗೋಡೆಗೆ ತೂಗುಹಾಕಿದೆವು. ಆಮೇಲೆ ಅದೇ ಹಾಡು ಹಾಕಿದರೆ, ಹಾಡುವಾಕೆ ನಮ್ಮ ಕೋಣೆಗೇ ಬಂದು ಕುಳಿತ ಹಾಗಿತ್ತು. ಉಸಿರು ಎಳೆದದ್ದು ಕೇಳಿತು, ಬಳೆ ತಾಗಿದ್ದೂ ಕೇಳಿತು. ಹಾಡುತ್ತಿದ್ದದ್ದು ಸೋವಿದರಲ್ಲಿ.

ತಿಂಗಳು ಮುಗಿದಾಗ ತುಟ್ಟೀದನ್ನು ತೆಗೆದುಹಾಕಿ ಸೋವಿದನ್ನೇ ಇಟ್ಟುಕೊಂಡೆವು. ಮೈದುನನಿಗೆ ಇದು ಅರ್ಥವಾಗಲಿಲ್ಲ. ಇಂಥ ಕಿವಿ ಇದ್ದೂ ಸೋವಿದು ಯಾಕೆ ಎಂದು ಕೇಳಿದ. ಯಜಮಾನರು ನನ್ನ ಮುಖ ನೋಡಿದರು. ನಿನ್ನ ಅಣ್ಣನ ಕಿವಿಗೆ ಅಷ್ಟು ಗಾಳಿ ಆಗಿಬರುವುದಿಲ್ಲ ಎಂದು ನಾನೇ ಹೇಳಿ ಮಾತು ಮುಗಿಸಿದೆ.

ಈಗ ಸಂಜೆ ಎರಡು ಕುರ್ಚಿ. ಯಜಮಾನರ ರುಚಿ ಏನೆಂದು ಇಷ್ಟು ವರ್ಷದ ಮೇಲೆ ತಿಳಿಯುತ್ತಿದೆ, ತಿಳಿದು ಗಾಬರಿಯೂ ಆಗುತ್ತಿದೆ. ಅವರಿಗೆ ಹಾಡಿಗಿಂತ ಹಾಡಿನ ಮೊದಲಿನ ಸದ್ದು ಇಷ್ಟ. ಕಛೇರಿಯಲ್ಲಿ ತಂಬೂರಿ ಹೊಂದಿಸುವುದು, ತಬಲಾದ ಮೇಲೆ ಸಣ್ಣ ಸುತ್ತಿಗೆ ಬೀಳುವುದು, ಯಾರೋ ಕೆಮ್ಮುವುದು, ಹಾಡುವವರು ಗಂಟಲು ಸರಿ ಮಾಡಿಕೊಳ್ಳುವುದು, ಇಷ್ಟನ್ನು ಕಣ್ಣು ಮುಚ್ಚಿ ಕೇಳುತ್ತಾರೆ. ಆಲಾಪ ಶುರುವಾದ ಕೂಡಲೇ ಎದ್ದು ಜಳಕಕ್ಕೆ ಹೋಗುತ್ತಾರೆ. ನಿನ್ನೆ ಬಚ್ಚಲಿನಿಂದ ಕೂಗಿ, ಅದನ್ನೇ ಇನ್ನೊಮ್ಮೆ ಮೊದಲಿನಿಂದ ಹಚ್ಚು ಎಂದರು. ನಾನು ಹಚ್ಚಿದೆ.