ಅಕ್ಕಿ ಅಂದ್ರೆ ಯಾವ ಅಕ್ಕಿ?

ಹಾರೋಹಳ್ಳಿಯಲ್ಲಿ ಫ್ಯಾಕ್ಟರಿಗಳು ಎದ್ದಮೇಲೆ ಕೈಗೆ ಗಡಿಯಾರ ಕಟ್ಟಿಕೊಂಡವರಲ್ಲಿ ಮರಿಮಾದೇಗೌಡನೂ ಒಬ್ಬ. ಆದರೆ ಹಕಾರವೇ ಹುಟ್ಟದ ಅವನ ಬಾಯಲ್ಲಿ ಅದು ಇವತ್ತಿಗೂ ಆರೋಳ್ಳಿಯೇ. ಶಿಫ್ಟು ಮುಗಿಸಿ ಬಂದವನೇ ಕೈಕಾಲು ತೊಳೆದು, ಎರಡನೇ ಕ್ಲಾಸಿನ ಮಗಳಿಗೆ ಮೇಷ್ಟ್ರಾಗಿ ಜಗಲಿಯಲ್ಲಿ ಕೂರುತ್ತಾನೆ. "ಬರಿ ಮಗಾ, ಅಕ್ಕಿ." "ಹಾರೋದಾ ಅಪ್ಪಾ, ಬೇಯ್ಸೋದಾ?" "ಆರೋದು ಕಣವ್ವಾ." "ತಣ್ಗೆ ಆರೋದಾ?" ಅಲ್ಲಿಗೆ ಮೇಷ್ಟ್ರ ತಲೆ ಗಿರ್ರೆನ್ನುತ್ತದೆ. ಲೆಕ್ಕಕ್ಕೆ ಹೋದರೂ ಬಿಡುಗಡೆಯಿಲ್ಲ, "ಅತ್ತಕ್ಕೆ ಅತ್ತು ಕೂಡ್ಸು" ಅಂದರೆ "ಯಾರಪ್ಪಾ ಅತ್ತಿದ್ದು? ಹತ್ತು ಅನ್ನು" ಅನ್ನುತ್ತಾಳೆ. "ನಾನೂ ಅದ್ನೇ ತಾನೆ ಅಂದಿದ್ದು!" ಎಂದು ಅವನು ಕಣ್ಣು ಕಣ್ಣು ಬಿಡುತ್ತಾನೆ, ಯಾಕೆಂದರೆ ಅವನ ಕಿವಿಗೆ ಎರಡೂ ಒಂದೇ. ಆದರೂ ತನ್ನ ನಾಲಿಗೆ ಮಗಳಿಗೆ ಅಂಟೀತೆಂದು ಹೆದರಿ, ಕಂಪನಿ ಬಸ್ಸಿನಲ್ಲಿ ಕಿಟಕಿಗೆ ಮುಖ ಕೊಟ್ಟು, ಗಾಜು ಒರೆಸಲು ಹೊರಟವನಂತೆ "ಹ... ಹ..." ಎಂದು ಉಸಿರು ಬಿಡುತ್ತಾನೆ, ಪಕ್ಕದವರು ಪಾಪ, ದಮ್ಮಿರಬೇಕು ಅಂದುಕೊಳ್ಳುತ್ತಾರೆ. ಹಾಗೆ ಪಳಗಿಸಿದ ಬಾಯಲ್ಲಿ ಮೊನ್ನೆ ಸಂಜೆ ಹೊಸಿಲಲ್ಲೇ ನಿಂತು, ಹುಟ್ಟಿದಾಗಿನಿಂದ ಅರ್ಸಿತಾ ಎಂದೇ ಕರೆದ ಮಗಳನ್ನು "ಹರ್ಷಿತಾ!" ಎಂದು ಚೊಕ್ಕವಾಗಿ ಕರೆದ. ಮಗಳು ಸ್ಲೇಟು ಕೆಳಗಿಟ್ಟು, ಎದ್ದು ಕೈಕಟ್ಟಿ ನಿಂತು, ಸಣ್ಣ ದನಿಯಲ್ಲಿ ಕೇಳಿದಳು: "ನಾನೇನ್ ತಪ್ ಮಾಡ್ದೆ ಅಪ್ಪಾ?"