ಗಾರ್ಡ್ ಕಾಕಾನ ಕುದುರೆ ಕುಣಿದ ದಿನ

ಮೊನ್ನೆ ಶಹಾಬಾದಿನಲ್ಲಿ ನಮ್ಮ ಸೋದರತ್ತೆಯ ಮೊಮ್ಮಗಳ ಮದುವೆಯಿತ್ತು. ಮಂಟಪದ ಒಳಗಿನ ಸೆಕೆ ತಾಳಲಾರದೆ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆ. ಮೆರವಣಿಗೆಗೆಂದು ತಂದ ಬಿಳಿ ಕುದುರೆಯೊಂದು ಗೋಡೆಯ ನೆರಳಿನಲ್ಲಿತ್ತು. ಗಾಳಿ ನನ್ನ ಕಡೆ ತಿರುಗಿದಾಗ ಅದರ ವಾಸನೆ ಬಂತು... ಬೆವರು, ನೆನೆಸಿದ ಕಡಲೆ, ಮೇಲೆ ಯಾರೋ ಚಿಮುಕಿಸಿದ ಅತ್ತರು. ಅತ್ತರೊಂದನ್ನು ಬಿಟ್ಟರೆ ಅದು ಗಾರ್ಡ್ ಕಾಕಾ ಅವರ ಹಿತ್ತಿಲಿನ ವಾಸನೆ. ಅವರು ಹೋಗಿ ಇಷ್ಟು ಕಾಲವಾದರೂ ಅವರನ್ನು ಮಣ್ಣು ಮಾಡಿದ ದಿನ ನಾನು ಕಂಡದ್ದು ಕಣ್ಣಿನಿಂದ ಹೋಗಿಲ್ಲ.

ಸೇಡಂನಿಂದ ಚಿತ್ತಾಪುರಕ್ಕೆ ಹೋಗುವ ರಸ್ತೆಯ ಬದಿಗೆ ನಮ್ಮ ಹೊಲ, ಅದಕ್ಕೆ ಹತ್ತಿದಂತೆ ಅವರ ಹೊಲ. ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿ ನೌಕರಿ ಮುಗಿಸಿ ಬಂದವರು. ಹೊಲದಲ್ಲೇ ಮನೆ ಕಟ್ಟಿಕೊಂಡು ಕಾಕಿ, ಮಗಳು, ಮೊಮ್ಮಗಳ ಜೊತೆ ಇದ್ದರು. ಊರಿಗೆಲ್ಲ ಅವರು ಗಾರ್ಡ್ ಸಾಹೇಬರು, ನನಗೆ ಕಾಕಾ. ನೌಕರಿ ಬಿಟ್ಟರೂ ರೈಲು ಅವರನ್ನು ಬಿಟ್ಟಿರಲಿಲ್ಲ. ಯಾವಾಗಲೂ ಬಾಲ ಎತ್ತಿಕೊಂಡೇ ತಿರುಗುವ ನಾಯಿಗೆ ಸಿಗ್ನಲ್ ಎಂದು ಹೆಸರಿಟ್ಟಿದ್ದರು. ಎಲ್ಲರ ತಾಟು ತಪಾಸಣೆ ಮಾಡುವ ಬೆಕ್ಕು ಟಿಸಿ. ಮೊಮ್ಮಗಳು ಸವಾರಿ ಮಾಡಲೆಂದು ಮೊದಲು ತಂದ ಕಂದು ತಟ್ಟು ಕುದುರೆ ಹತ್ತು ಹೆಜ್ಜೆಗೊಮ್ಮೆ ನಿಂತು ಹುಲ್ಲು ಕೀಳುತ್ತಿತ್ತು, ಹಾಗಾಗಿ ಅದು ಪ್ಯಾಸೆಂಜರ್.

ಆಮೇಲೆ ಬಂದದ್ದು ಬಿಳಿ ಹೆಣ್ಣು ಕುದುರೆ. ಹತ್ತಾರು ವರ್ಷ ಮದುವೆಯ ಮೆರವಣಿಗೆಗಳಲ್ಲಿ ಕುಣಿದು ಮೊಣಕಾಲು ಸೋತಿತ್ತು. ಸಾಕಿದವರು ಕೈಬಿಡುವ ಹೊತ್ತಿಗೆ ಕಾಕಾ ಹೋಗಿ ಕರೆದುಕೊಂಡು ಬಂದರು. ಕುದುರೆ ಕಂಡರೆ ಕಾಲುನೋವು ಅನ್ನುತ್ತಾರೆ. ನಮ್ಮ ಕಾಕಾಗೆ ಕುದುರೆ ಬಂದ ಮೇಲೆಯೇ ನಡಿಗೆ ಹೆಚ್ಚಾಯಿತು. ಅವರು ಅದರ ಬೆನ್ನೇರಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಹಗ್ಗ ಹಿಡಿದು ಕಾಗಿಣಾ ಹೊಳೆಯ ತನಕ ಮಾತಾಡಿಸುತ್ತ ಒಯ್ಯುವುದು, ಮೈ ತೊಳೆದು ಮಾತಾಡಿಸುತ್ತ ತರುವುದು. ಅದಕ್ಕೆ ಬಾಯಿ ಎಂದು ಹೆಸರಿಟ್ಟರು. ನಮ್ಮ ಕಡೆ ದೊಡ್ಡ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. ಬಾಯಿ ಇಲ್ಲದ ಪ್ರಾಣಿಗೆ ಬಾಯಿ ಅಂತ ಹೆಸರೇ ಎಂದು ನಾನು ಚೇಷ್ಟೆ ಮಾಡಿದರೆ, ಕಾಕಿ ಒಳಗಿನಿಂದ, ನಲವತ್ತು ವರ್ಷ ರೊಟ್ಟಿ ಬಡಿದವಳನ್ನು ಒಂದು ದಿನ ಬಾಯಿ ಅನ್ನಲಿಲ್ಲ, ಅದಕ್ಕೆ ಬಂದ ದಿನವೇ ಪದವಿ ಸಿಕ್ಕಿತು ಎನ್ನುತ್ತಿದ್ದರು. ಕಾಕಿಗೆ ಕುದುರೆಯೆಂದರೆ ಜೀವಭಯ. ಕಡಲೆಯ ಬುಟ್ಟಿಯನ್ನು ದೂರದಲ್ಲಿಟ್ಟು ಓಡಿ ಬರುತ್ತಿದ್ದರು.

ಬಾಯಿ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ನಾನು ಅವರ ಪಡಸಾಲೆಯಲ್ಲಿದ್ದೆ. ರಸ್ತೆಯಲ್ಲಿ ಮದುವೆಯ ದಿಬ್ಬಣವೊಂದು ಹಲಗೆ ಬಾರಿಸುತ್ತ ಬಂತು. ಹೊಲದಲ್ಲಿ ಒಂಟಿಯಾಗಿ ಮೇಯುತ್ತಿದ್ದ ಬಾಯಿ ತಟ್ಟನೆ ಕತ್ತು ಬಿಗಿದು ಮುಂಗಾಲು ಎತ್ತಿ ಕುಣಿಯತೊಡಗಿತು. ಬೆನ್ನ ಮೇಲೆ ಜೀನಿಲ್ಲ, ಕಾಲಿಗೆ ಗೆಜ್ಜೆಯಿಲ್ಲ, ಹತ್ತಿರ ಒಬ್ಬ ಮನುಷ್ಯನಿಲ್ಲ. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ನನಗೂ ನಗು ಬಂತು, ಮುದುಕಿಗೆ ಹಳೆಯ ಹುಮ್ಮಸ್ಸು ಎಂದುಕೊಂಡೆ. ಅಷ್ಟರಲ್ಲಿ ಕಾಕಾ ಊಟದ ತಾಟು ದೂಡಿ, ಎಂಜಲು ಕೈಯಲ್ಲೇ ಬದು ಜಿಗಿದು ಓಡಿದರು. ಎರಡೂ ಅಂಗೈಯಿಂದ ಅದರ ಕಿವಿ ಮುಚ್ಚಿ, ಹಣೆಗೆ ಹಣೆ ಹಚ್ಚಿ ನಿಂತುಬಿಟ್ಟರು. ನಾವು ಹತ್ತಿರ ಹೋಗಿ ನೋಡಿದರೆ ಆ ದೊಡ್ಡ ಮೈ ಗಡಗಡ ನಡುಗುತ್ತಿತ್ತು.

ಹಲಗೆಯ ಸದ್ದು ದೂರವಾದ ಮೇಲೆ ಕಾಕಾ ನನಗೆ ಅದರ ಮುಂಗಾಲು ತೋರಿಸಿದರು. ಎಲುಬಿನ ಉದ್ದಕ್ಕೂ ಕೂದಲಿಲ್ಲದ ಗಂಟುಗಳು.

"ಕುಣಿಯೋದು ಕಲಿಸುವಾಗ ತಾಳ ತಪ್ಪಿದಲ್ಲೆಲ್ಲ ಬಡದಾರ, ತಂಗಿ. ಆಕಿ ಕುಣಿಲಿಕತ್ತಿಲ್ಲ. ಅಂಜಲಿಕತ್ತಾಳ."

ಎಷ್ಟು ಮದುವೆಗಳಲ್ಲಿ ಕುದುರೆ ಕುಣಿಯುವುದನ್ನು ನೋಡಲು ಮುಂದೆ ನುಗ್ಗಿದ್ದೆನೋ... ಅಂದು ಕಾಕಾ ಮತ್ತೇನೂ ಹೆಚ್ಚು ಹೇಳಲಿಲ್ಲ. ಈ ಹೊಲದಲ್ಲಿ ಇರುವ ತನಕ ಬಾಯಿ ಇನ್ನೊಮ್ಮೆ ಕುಣಿಯಬಾರದು, ಅಷ್ಟೇ ಅಂದರು. ಅದೊಂದೇ ಹಟ ಹಿಡಿದರು.

ಮುಂದಿನ ದಿಬ್ಬಣ ಬಂದಾಗ ನೋಡಿದರೆ ಕಾಕಾ ತಮ್ಮ ಹಳೆಯ ಕೆಂಪು ಬಾವುಟ ಹಿಡಿದು ರಸ್ತೆಯ ನಡುವೆ ನಿಂತಿದ್ದಾರೆ! ನಮ್ಮ ಹೊಲದ ಬಳಿ ರಸ್ತೆಗಿದ್ದ ಸೇತುವೆಯಿಂದ ಅವರ ಹೊಲದ ಕೊನೆಯ ತನಕ ಬಾಜಾ ಬಂದ್. ದಾಟಿದ ಮೇಲೆ ಹಸಿರು ಬಾವುಟ. ಮೊದಮೊದಲು ಜನ ನಕ್ಕರು. ಮದುಮಗ ಹೊರಟಾಗ ಬಾಜಾ ನಿಲ್ಲಿಸುವುದು ಅಪಶಕುನ ಎಂದು ಚಿಂಚೋಳಿ ಕಡೆಯ ಬೀಗರೊಬ್ಬರು ಜಗಳಕ್ಕೇ ನಿಂತರು. ಕಾಕಾ ಕೈ ಮುಗಿದರು, ಎಲ್ಲರಿಗೂ ಮಜ್ಜಿಗೆ ಕೊಟ್ಟರು, ದಾರಿ ಮಾತ್ರ ಬಿಡಲಿಲ್ಲ. ಬರಬರುತ್ತ ಹಲಗೆಯವರಿಗೇ ರೂಢಿಯಾಯಿತು. ಸೇತುವೆ ಬಂದರೆ ಸಾಕು, ಗಾರ್ಡ್ ಸಾಹೇಬರ ಸೆಕ್ಷನ್ ಬಂತು ಎಂದು ತಾವಾಗಿಯೇ ಕೈ ತಡೆಯುತ್ತಿದ್ದರು.

ಒಂದು ಮುಂಜಾನೆ ಕಾಕಿ ಚೀರಿದ್ದು ನಮ್ಮ ಮನೆಯ ತನಕ ಕೇಳಿತು. ಓಡಿ ಹೋದರೆ ಬಾಯಿ ನೆಲದ ಮೇಲೆ ಕಾಲು ಚಾಚಿ ಬಿದ್ದಿತ್ತು. ಸತ್ತೇ ಹೋಯಿತೆಂದುಕೊಂಡೆ. ಕಾಕಾ ಮಾತ್ರ ಹಿತ್ತಿಲ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಸದ್ದು ಮಾಡಬೇಡಿರೆಂದು ಕೈಸನ್ನೆ ಮಾಡಿದರು. ನಿದ್ದೆ ಮಾಡುತ್ತಿತ್ತು. ಅಲ್ಲಿಯ ತನಕ ಅದು ನಿಂತೇ ನಿದ್ದೆ ಮಾಡುತ್ತಿತ್ತಂತೆ. ಅಂಜಿಕೆ ಇರುವ ಕುದುರೆ ಹೀಗೆ ಮಲಗುವುದಿಲ್ಲ ಎಂದು ಪಿಸುಗುಟ್ಟಿದ ಕಾಕಾನ ಕಣ್ಣಲ್ಲಿ ನೀರಿತ್ತು. ಆ ಮನುಷ್ಯ ಅಷ್ಟು ಸಂತೋಷಪಟ್ಟದ್ದನ್ನು ನಾನು ಬೇರೆ ಯಾವಾಗಲೂ ನೋಡಲಿಲ್ಲ.

ಅವರು ಹೋದದ್ದು ತೊಗರಿ ಹೂ ಬಿಟ್ಟ ಕಾಲದಲ್ಲಿ, ಒಂದು ಭಾನುವಾರ. ಸ್ವಲ್ಪ ಹೊತ್ತಿಗೆ ಮುಂಚೆ ಬದುವಿನ ಮೇಲೆ ನಿಂತು ನನ್ನ ಜೊತೆ ಮಾತಾಡಿದ್ದರು. ಪ್ಯಾಸೆಂಜರ್ ನಮ್ಮ ಮೆಂತ್ಯದ ಮಡಿಗೆ ಬಾಯಿ ಹಾಕಿದ್ದಕ್ಕೆ ನಾನು ಬೈದಿದ್ದೆ, ಅವರು ನಕ್ಕು, ಗಾಡಿ ತಪ್ಪು ಲೈನಿಗೆ ಹೋಗಿದೆ ಎಂದಿದ್ದರು. ಮನೆಗೆ ಹೋಗಿ ಮಂಚದ ಮೇಲೆ ಕೂತು ಚಹಾ ಕೇಳಿದರಂತೆ. ಕಾಕಿ ತರುವಷ್ಟರಲ್ಲಿ ಇಲ್ಲ. ಟಿಸಿ ಅವರ ತೊಡೆಯ ಮೇಲೆ ಇನ್ನೂ ಮಲಗಿತ್ತು. ನಾನು ಹೋದಾಗ ಕಾಕಿ ಬಟ್ಟಲು ಹಿಡಿದು ನಿಂತೇ ಇದ್ದರು. ಚಹಾ ಆರುತ್ತದೆ, ಆರುತ್ತದೆ ಎಂದು ಅದನ್ನೇ ಹೇಳುತ್ತಿದ್ದರು. ಆ ರಾತ್ರಿಯೆಲ್ಲ ಒಂದು ಹನಿ ಕಣ್ಣೀರಿಲ್ಲ. ಬಂದವರಿಗೆ ಕೂಡಲು ಹೇಳುತ್ತ, ಇವರು ಏಳುವ ಹೊತ್ತಾಯಿತು ಅನ್ನುತ್ತಿದ್ದರು. ನನಗೂ ಇನ್ನೂ ನಂಬಿಕೆ ಬಂದಿರಲಿಲ್ಲ.

ಮರುದಿನ ಕಾಳಗಿಯಿಂದ ಕಾಕಾನ ತಮ್ಮ ಬಂದರು. ಅಣ್ಣನ ಮೇಲೆ ಜೀವ ಇಟ್ಟವರು. ಅಣ್ಣನನ್ನು ಮರ್ಯಾದೆಯಿಂದ ಕಳಿಸಬೇಕೆಂದು ಅಲ್ಲಿಂದಲೇ ಎರಡು ಮೇಳ ಹಲಗೆಯವರನ್ನು ಕರೆತಂದಿದ್ದರು. ಇಂಥವರ ಮಣ್ಣಿಗೆ ಬಾಜಾ ಇಲ್ಲವೆಂದರೆ ದಿಕ್ಕಿಲ್ಲದ ಹೆಣ ಅನ್ನುತ್ತಾರೆ ನಮ್ಮಲ್ಲಿ. ಕಾಕಾನಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೊಸ ಬಟ್ಟೆ ಉಡಿಸಿ, ಬಾಳೆದಿಂಡು ಚೆಂಡುಹೂವಿನಿಂದ ಕಟ್ಟಿದ, ವಿಮಾನವೆನ್ನುವ ಚಟ್ಟದಲ್ಲಿ ಕೂಡಿಸಿದರು. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸಿಯೇ ಒಯ್ಯುತ್ತಾರೆ. ಮಣ್ಣು ಕೊಡುವುದು ಅವರದೇ ಹೊಲದ ಆಚೆ ಕೊನೆಗೆ. ಅಂಗಳ ತುಂಬ ಜನ. ಹಿತ್ತಿಲಲ್ಲಿ ಕಟ್ಟಿದ ಕುದುರೆಯ ನೆನಪು ಒಬ್ಬರಿಗೂ ಇರಲಿಲ್ಲ.

ವಿಮಾನ ಎತ್ತುವ ಮುಂಚೆ ಹಲಗೆ ಒಮ್ಮೆಗೇ ಶುರುವಾಯಿತು. ಹಿತ್ತಿಲಲ್ಲಿ ಏನೋ ಮುರಿದ ಸದ್ದು. ಬಾಯಿ ಹಗ್ಗ ಹರಿದುಕೊಂಡು ಅಂಗಳಕ್ಕೆ ಬಂತು. ಬಂದದ್ದೇ ವಿಮಾನದ ಎದುರು ನಿಂತು, ಕತ್ತು ಬಿಗಿದು, ಮುಂಗಾಲು ಎತ್ತಿ ಕುಣಿಯತೊಡಗಿತು.

ಜನ ದಂಗಾದರು. ಆಮೇಲೆ ಹಿಂದಿನಿಂದ ಒಬ್ಬರು, ನೋಡ್ರಿ, ಮೂಕಪ್ರಾಣಿ ಮಾಲಕನಿಗೆ ಕುಣಿದು ಬೀಳ್ಕೊಡುತ್ತಿದೆ ಎಂದರು. ಅಷ್ಟೇ ಸಾಕಾಯಿತು. ಮುದುಕಿಯರು ಕೈ ಮುಗಿದು ಗೊಳೋ ಎಂದು ಅತ್ತರು. ಮೊಬೈಲುಗಳು ಮೇಲೆದ್ದವು. ಹಲಗೆಯವರಿಗೂ ಹುರುಪು ಬಂದು ಇನ್ನಷ್ಟು ಜೋರಾಗಿ ಬಾರಿಸಿದರು. ಬಾಯಿಯ ಕಣ್ಣಿನ ಬಿಳಿ ಹೊರಬಂದಿತ್ತು, ಬಾಯಲ್ಲಿ ನೊರೆ. ಸೋತ ಮೊಣಕಾಲು ಮಡಿಚಿ ಬೀಳುವಂತಾದರೂ ಮತ್ತೆ ಎದ್ದು ತಾಳ ಹಿಡಿಯುತ್ತಿತ್ತು. ನಿಲ್ಲಿಸಿರಿ ಎಂದು ನಾನು ಕೂಗಿದೆ. ಆ ಗದ್ದಲದಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ.

ಕಾಕಿ ವಿಮಾನದ ಬುಡದಲ್ಲಿ ಕೂತಿದ್ದರು. ಕುದುರೆಯನ್ನು ನೋಡಿದರು. ತಿರುಗಿ ಕಾಕಾನ ಮುಖ ನೋಡಿದರು. ಮತ್ತೆ ಕುದುರೆಯನ್ನು ನೋಡಿದರು. ನನ್ನ ಕೈ ಗಟ್ಟಿಯಾಗಿ ಹಿಡಿದು ಕಿವಿಯ ಹತ್ತಿರ ಅಂದರು:

"ಬಾಯಿ ಅಷ್ಟು ಅಂಜಲಿಕತ್ತಾಳ... ಇವರು ಏಳವಲ್ಲರು."

ಆಗ ಗೊತ್ತಾಯಿತು ಅವರಿಗೆ, ಕಾಕಾ ಇನ್ನು ಏಳುವುದಿಲ್ಲವೆಂದು. ಆ ಕ್ಷಣದಲ್ಲಿ ಅವರ ಮುಖ ಹೇಗೆ ಕುಸಿಯಿತೆಂಬುದನ್ನು ಬರೆಯಲು ನನಗೆ ಬರುವುದಿಲ್ಲ.

ಎದ್ದರು. ಹೆಂಗಸರು ಸೆರಗು ಹಿಡಿದು ಜಗ್ಗಿದರು, ಏಳಬಾರದು, ಏಳಬಾರದು ಎಂದರು. ಬಿಡಿಸಿಕೊಂಡು ನಡೆದರು. ಬುಟ್ಟಿ ಇಟ್ಟು ಓಡುತ್ತಿದ್ದ ಹೆಂಗಸು ಆ ಎತ್ತಿದ ಗೊರಸುಗಳ ಕೆಳಗೇ ಹೋಗಿ, ನಿಲುಕದ ತಲೆಯನ್ನು ಸೆರಗಿನಿಂದ ಜಗ್ಗಿ ಎದೆಗೆ ಒತ್ತಿಕೊಂಡು ಕಿವಿ ಮುಚ್ಚಿದರು. ಹಲಗಿ ನಿಂದರಸ್ರಿ ಎಂದರು. ಹಲಗೆಯವರು ಕೈ ತಡೆದು ಕಾಕಾನ ತಮ್ಮನ ಮುಖ ನೋಡಿದರು.

"ಬಾಜಾ ಇಲ್ಲದ ಹೆಂಗ ಒಯ್ಯೋದು ವೈನಿ? ಮಂದಿ ಏನಂದಾರು?" ಎಂದರು ಅವರು.

"ಮಂದಿ ಏನರೆ ಅನ್ಲಿ. ಅವರಿದ್ದರ ಇಷ್ಟೊತ್ತು ಬಾರಸಗೊಡತಿದ್ದಿಲ್ಲ."

ಕಾಕಾನನ್ನು ಸದ್ದಿಲ್ಲದೆ ಒಯ್ದರು. ತೊಗರಿ ಗಿಡಗಳು ಕಾಲಿಗೆ ತಾಗುವ ಸಪ್ಪಳವಷ್ಟೇ. ನಾನು ಅರ್ಧ ದಾರಿಯ ತನಕ ಹಿಂತಿರುಗಿ ನೋಡುತ್ತಲೇ ಇದ್ದೆ. ಕಾಕಿ ಬರಲಿಲ್ಲ. ಕೈ ತೆಗೆದರೆ ಬಾಯಿ ಮತ್ತೆ ನಡುಗುತ್ತಿತ್ತು, ಅದಕ್ಕೇ ತೆಗೆಯಲಿಲ್ಲವಂತೆ. ನಾವೆಲ್ಲ ಮಣ್ಣು ಕೊಟ್ಟು ತಿರುಗಿ ಬಂದಾಗಲೂ ಹಾಗೆಯೇ ನಿಂತಿದ್ದರು. ಗಂಡನಿಗೆ ಒಂದು ಹಿಡಿ ಮಣ್ಣು ಹಾಕಲಿಕ್ಕೂ ಬರಲಿಲ್ಲ ಎಂದು ಊರು ಇವತ್ತಿಗೂ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ, ಊರಿನ ಬಾಯಿ ಮುಚ್ಚಲು ಮುಚ್ಚಳ ಯಾರು ಮಾಡಿದ್ದಾರೆ.

ಬಾಯಿ ಈಗಲೂ ಇದೆ. ಕಡಲೆಯನ್ನು ಕಾಕಿಯೇ ಅಂಗೈಯಲ್ಲಿ ಹಿಡಿದು ತಿನ್ನಿಸುತ್ತಾರೆ. ಆದರೆ ಆ ದಿನದ ನಂತರ ಅದು ಮತ್ತೆ ನೆಲಕ್ಕೆ ಮೈ ಚಾಚಿ ಮಲಗಿಲ್ಲ. ನಿಂತೇ ನಿದ್ದೆ ಮಾಡುತ್ತದೆ...

ಶಹಾಬಾದಿನ ಮಂಟಪದ ಹೊರಗೆ ನಿಂತು ಇಷ್ಟೆಲ್ಲ ನೆನೆಯುತ್ತಿದ್ದಾಗ ಕುದುರೆಯವನು ನನ್ನನ್ನೇ ನೋಡುತ್ತಿದ್ದ. ಬಡಕಲು ಮನುಷ್ಯ, ಒಳ್ಳೆಯ ಮುಖ. ಮಾತಾಡಬೇಕೆಂದು, ಮದುವೆಯ ಕಾಲ ಮುಗಿದ ಮೇಲೆ ಕುದುರೆಗೆ ಬಿಡುವು ಸಿಗುತ್ತದೆಯೇ ಎಂದು ಕೇಳಿದೆ. ಅವನು ತಲೆಯಲ್ಲಾಡಿಸಿದ.

"ಈಗ ಎಲ್ಲಿ ಬಿಡುವುರಿ ಅಕ್ಕಾರ. ಮಣ್ಣಿಗೂ ಕರೀತಾರ. ಸೇಡಂ ಕಡಿ ಯಾವುದೋ ಕುದ್ರಿ ಮಾಲಕ ಸತ್ತಾಗ ಕುಣದು ಬೀಳ್ಕೊಟ್ಟಿತ್ತಂತ. ಆ ವಿಡಿಯೋ ನೋಡಿದಾಗಿಂದ ದೊಡ್ಡ ಮಂದಿಗೆಲ್ಲ ಹಂಗೇ ಬೇಕಂತ."

ಜೇಬಿನಿಂದ ಮೊಬೈಲ್ ತೆಗೆದು ತೋರಿಸಿದ. ಅಂಗಳ, ಚೆಂಡುಹೂ, ಕುಣಿಯುವ ಬಾಯಿ. ಹಲಗೆಯ ಸದ್ದು ತೆಗೆದು ಯಾವುದೋ ದುಃಖದ ಹಾಡು ಹಾಕಿದ್ದರು. ಮೂಲೆಯಲ್ಲಿ ಕಾಕಾ ಕೂತಿದ್ದರು. ಕಾಕಿ ಏಳುವುದಕ್ಕೆ ಮುಂಚೆಯೇ ಅದನ್ನು ಕತ್ತರಿಸಿಬಿಟ್ಟಿದ್ದರು.

ಅವನು ಮೊಬೈಲ್ ಜೇಬಿಗೆ ಹಾಕಿದ. ಒಳಗಿನಿಂದ ಮದುಮಗನನ್ನು ಕರೆತಂದರು. ಬಾಜಾ ಶುರುವಾಯಿತು. ಬಿಳಿ ಕುದುರೆ ಕತ್ತು ಬಿಗಿದು ಮುಂಗಾಲು ಎತ್ತಿತು. ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಉಣ್ಣುವ ತಾಟು ಬಿಟ್ಟು ಯಾರೂ ಓಡಿ ಬರಲಿಲ್ಲ.