ಮೂವತ್ತಾರು ವರ್ಷದ ರೋಗಿ

ಆಸ್ಪತ್ರೆಯ ತುರ್ತು ವಿಭಾಗದ ಕಿಟಕಿಯಲ್ಲಿ ಕೂತು ಚೀಟಿ ಬರೆಯುವ ಚೀಟಿಯಕ್ಕ ಇಪ್ಪತ್ತೆರಡು ವರ್ಷಗಳಲ್ಲಿ ಕೇಳಿದ "ವಯಸ್ಸೆಷ್ಟು?"ಗಳನ್ನು ಸಾಲಾಗಿ ನಿಲ್ಲಿಸಿದರೆ ಚಂದ್ರನವರೆಗೆ ಹೋಗಿ, ಟೀ ಕುಡಿದು, ವಾಪಸು ಬರಬಹುದು. ಈಗೀಗ ಕೆಮ್ಮು ಕೇಳಿದರೆ ಸಾಕು, ತಲೆಯೆತ್ತದೆ ವಯಸ್ಸು ಬರೆಯುತ್ತಿದ್ದರು. ತಾಳೆಯಾಗದಿದ್ದರೆ ರೋಗಿಯೇ ತನ್ನ ಹುಟ್ಟಿದ ತಾರೀಖನ್ನು ತಿದ್ದಿಕೊಳ್ಳಬೇಕು.

ಅಂಥವರಿಗೆ ಅಂದು ಸಿಟ್ಟು ನೆತ್ತಿಗೇರಿತ್ತು. ಹೊಸ ಮೇಲ್ವಿಚಾರಕ ಡಾಕ್ಟರು ಒಂದು ವರ್ಷದ ಚೀಟಿಗಳನ್ನೆಲ್ಲ ಕೂಡಿಸಿ ಭಾಗಿಸಿ, ರೋಗಿಗಳ ಸರಾಸರಿ ವಯಸ್ಸು ಮೂವತ್ತಾರು ಎಂದು ಕಂಡುಹಿಡಿದಿದ್ದರು. ಆ ವಯಸ್ಸಿನವರು ಕೆಲಸ ಮುಗಿಸಿಕೊಂಡು ತಾನೇ ಬರುವುದು? ಹಾಗಾಗಿ ಬೆಳಗಿನ ಇಬ್ಬರು ಡಾಕ್ಟರುಗಳಲ್ಲಿ ಒಬ್ಬರನ್ನು ಸಂಜೆಗೆ ಹಾಕುವ ಆದೇಶ ಸಿದ್ಧವಾಗಿತ್ತು. ಹನ್ನೆರಡಕ್ಕೆ ಸಹಿ.

"ಸಾರ್, ಎರಡು ವರ್ಷದ ಮಗೂನೂ ಎಪ್ಪತ್ತರ ಅಜ್ಜೀನೂ ಕೂಡಿಸಿ ಅರ್ಧ ಮಾಡಿದ್ರೆ ಮೂವತ್ತಾರೇ ಬರತ್ತೆ. ಆದ್ರೆ ಆ ಮೂವತ್ತಾರು ಯಾರ ಮನೇಲೂ ಇಲ್ಲ."

"ಲೆಕ್ಕ ಸುಳ್ಳು ಹೇಳಲ್ಲಮ್ಮ."

"ಹಾಗಾದ್ರೆ ನನ್ನ ಪಕ್ಕ ಕೂತ್ಕೊಳ್ಳಿ. ಹನ್ನೆರಡರೊಳಗೆ ಒಬ್ಬ ಮೂವತ್ತಾರರ ರೋಗಿ ಬರ್ಲಿ, ಬಾಯಿ ಮುಚ್ಕೋತೀನಿ."

ಡಾಕ್ಟರು ಕೂತರು. ಮೊದಲು ಬಂದವನು ಮೂಗಿಗೆ ಅಂಗಿಯ ಗುಂಡಿ ತೂರಿಸಿಕೊಂಡ ಮೂರು ವರ್ಷದ ಪೋರ. ಹಿಂದೆಯೇ ಬಚ್ಚಲಲ್ಲಿ ಜಾರಿದ ಎಪ್ಪತ್ತೆಂಟರ ಅಜ್ಜಿ. ಜ್ವರದ ಕೂಸು, ಹತ್ತು ತಿಂಗಳು. ಬೆಳಗಿನ ಮಾತ್ರೆಯನ್ನು ಎರಡು ಸಲ ನುಂಗಿದ ಎಂಬತ್ತೊಂದರ ತಾತ.

"ನುಂಗಿದ್ದು ಮರೆತೋಯ್ತು ಕಣಮ್ಮ. ಮರೆವಿನ ಮಾತ್ರೇನೇ ಅದು."

ಸುದ್ದಿ ಹಬ್ಬಿ ಕಿಟಕಿಯ ಸುತ್ತ ಜನ ಸೇರಿದರು. ಕಾಲು ಮುರಿದವರೂ ತುದಿಗಾಲಲ್ಲಿ ನಿಂತರು.

ಹನ್ನೊಂದೂ ಮುಕ್ಕಾಲಿಗೆ ಗಟ್ಟಿಮುಟ್ಟಾದ ಗಂಡಸೊಬ್ಬ ಏದುಸಿರು ಬಿಡುತ್ತ ಓಡಿ ಬಂದ.

"ವಯಸ್ಸು?" ಅಕ್ಕನಿಗಿಂತ ಮೊದಲೇ ಡಾಕ್ಟರು ಕೇಳಿದರು.

"ಮೂವತ್ತಾರು."

ಡಾಕ್ಟರು ಗೆದ್ದವರಂತೆ ಅರ್ಧ ಎದ್ದರು. ಅಕ್ಕನ ಪೆನ್ನು ನಿಂತೇ ಹೋಯಿತು.

"ನನ್ನ ವಯಸ್ಸು ಯಾಕೆ ಸಾರ್? ಅಮ್ಮ ಕಾರಲ್ಲಿದಾರೆ, ಎದೆನೋವು. ಎಪ್ಪತ್ಮೂರು ಅವ್ರಿಗೆ."

ಒಳಗೆ ಒಬ್ಬ ಡಾಕ್ಟರು ಅಜ್ಜಿಯ ಸೊಂಟಕ್ಕೆ ಸಿಕ್ಕಿಕೊಂಡಿದ್ದರು, ಇನ್ನೊಬ್ಬರು ಕೂಸಿನ ಜ್ವರಕ್ಕೆ. ಮೇಲ್ವಿಚಾರಕರು ಅಂಗಿಯ ತೋಳು ಮಡಚಿ, ತಾವೇ ಸ್ಟ್ರೆಚರ್ ತಳ್ಳಿಕೊಂಡು ಓಡಿದರು. ಆ ವೇಗಕ್ಕೆ ಗೋಡೆಯ ಗಡಿಯಾರ ಐದು ನಿಮಿಷ ಹಿಂದೆ ಬಿತ್ತು.

ಆ ತಾಯಿಯ ಉಸಿರು ಹದಕ್ಕೆ ಬಂದ ಮೇಲೆ, ಡಾಕ್ಟರು ಬೆವರೊರೆಸಿಕೊಳ್ಳುತ್ತ ಕಿಟಕಿಗೆ ಬಂದರು.

"ಅಕ್ಕಾ, ಬೆಳಿಗ್ಗೆಗೆ ಇಬ್ಬರು ಸಾಲಲ್ಲ."

"ಮೂರನೆಯವರು ಯಾರು ಸಾರ್?"

"ನಾನೇ ಬರ್ತೀನಿ." ಜೇಬಿನಿಂದ ಆದೇಶದ ಹಾಳೆ ತೆಗೆದು ಅಕ್ಕನ ಮುಂದಿಟ್ಟರು. "ಇದನ್ನ ಹರಿದು ಬಿಸಾಕಿ."

ಅಕ್ಕ ಹರಿಯಲಿಲ್ಲ. ಹಿಂಬದಿ ಖಾಲಿಯಿತ್ತು. ಅದರ ಮೇಲೆ ಮುಂದಿನ ಚೀಟಿ ಬರೆದರು: ಗಂಡಸು, ಎಂಬತ್ತಾರು ವರ್ಷ, ಮೊಮ್ಮಗನ ಜೊತೆ ಪಂದ್ಯ ಕಟ್ಟಿ ಮರ ಹತ್ತಿ ಬಿದ್ದದ್ದು.